ನಾನು ಎಣಿಸಿದ ನಿಂತ ಮಗ್ಗಗಳು

ಧಾರವಾಡದಲ್ಲಿ ಎಂ.ಎ. ಓದುವಾಗ ನಾನೊಂದು ಪ್ರಬಂಧ ಬರೆದಿದ್ದೆ. ವ್ಯಾಪಾರ ಕುಸಿದ ಕಾಲದಲ್ಲಿ ಮುಳುಗುತ್ತಿರುವ ಉದ್ಯಮಗಳನ್ನು ಸರ್ಕಾರ ಎತ್ತಿ ಹಿಡಿಯಬಾರದು ಎಂಬುದು ಅದರ ವಾದ. ಮುಳುಗುವುದು ಮುಳುಗಿದರೆ ಅದರ ಕೆಲಸಗಾರರು, ಬಂಡವಾಳ, ಸಾಮಾನು ಎಲ್ಲವೂ ಬೇರೆ ಒಳ್ಳೆಯ ಕಡೆಗೆ ಹೋಗಿ ಸೇರುತ್ತವೆ, ಹಿಡಿದು ನಿಲ್ಲಿಸಿದರೆ ಎಲ್ಲರೂ ಒಟ್ಟಿಗೆ ಬಡವರಾಗುತ್ತಾರೆ ಎಂದು ಬರೆದಿದ್ದೆ. ಪ್ರಾಧ್ಯಾಪಕರು ಮೆಚ್ಚಿಕೊಂಡರು. ಈಗ ಓದಿದರೂ ವಾದ ಗಟ್ಟಿಯಾಗಿಯೇ ಕಾಣುತ್ತದೆ, ಅದರಲ್ಲಿ ತಪ್ಪು ಹುಡುಕುವುದು ನನಗೆ ಸುಲಭವಲ್ಲ. ಆದರೆ ಅದನ್ನು ಬರೆದವನು ಅಲ್ಲಿಯವರೆಗೆ ಒಂದು ಮಗ್ಗವನ್ನೂ ಹತ್ತಿರದಿಂದ ನೋಡಿರಲಿಲ್ಲ.

ಇಲ್ಲಿ ಬರೆಯುತ್ತಿರುವುದು, ಆಮೇಲೆ ಮೂರು ವರ್ಷಕ್ಕೆ ಕುಷ್ಟಗಿ ತಾಲ್ಲೂಕಿನಲ್ಲಿ ನಾನು ಮಾಡಿದ ಒಂದು ತಪ್ಪಿನ ಬಗ್ಗೆ. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ವರ್ಷದಿಂದ ವರ್ಷಕ್ಕೆ ಅದು ನನ್ನನ್ನು ಸ್ವಲ್ಪ ಸ್ವಲ್ಪವೇ ಒಳ್ಳೆಯವನನ್ನಾಗಿ ಮಾಡುತ್ತ ಬಂದಿದೆ. ಅದಕ್ಕೇ ಆ ವರ್ಷದ ದಿನಚರಿಯನ್ನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದೇನೆ. ಎರಡೂ ಹೊಂದದ ಕಡೆ ಹಾಗೆಂದೇ ಹೇಳುತ್ತೇನೆ.

ಎಪ್ಪತ್ತರ ದಶಕದ ನಡುವಿನ ವರ್ಷಗಳು. ಕುಷ್ಟಗಿಯಲ್ಲಿ ನನಗೆ ಮೊದಲ ನೌಕರಿ. ತಾಲ್ಲೂಕಿನ ಸಣ್ಣ ಕೈಗಾರಿಕೆಗಳನ್ನೂ ಕಸುಬಿನ ಸಂಘಗಳನ್ನೂ ಸುತ್ತಿ ನೋಡಿ ಕೊಪ್ಪಳದ ಮೇಲಿನ ಕಚೇರಿಗೆ ವರದಿ ಕಳಿಸುವುದು ಕೆಲಸ. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಆ ಎರಡು ವರ್ಷ ಎಲ್ಲದರ ಬೆಲೆ ಏರಿ ಜನರ ಕೈ ಬಿಗಿಯಾಗಿತ್ತು. ಮದುವೆಯಲ್ಲಿ ಬೀಗರಿಗೆ ಸೀರೆ ಉಡಿಸುತ್ತಿದ್ದವರು ಕುಬಸದ ಖಣಕ್ಕೆ ಇಳಿದಿದ್ದರು. ಹುಲಿಗಿಯ ಅಮ್ಮನಿಗೆ ಸೀರೆಯ ಹರಕೆ ಹೊತ್ತವರು ಕೂಡ ಮುಂದಿನ ವರ್ಷ ತರುತ್ತೇವೆ ಎಂದು ಬರಿಗೈಯಲ್ಲಿ ಅಡ್ಡಬಿದ್ದು ಬರುತ್ತಿದ್ದರು. ಇದರ ಪೆಟ್ಟು ನೇಕಾರರ ಮೇಲೆ ಬಿತ್ತು.

ಕುಷ್ಟಗಿಯಿಂದ ಬಸ್ಸಿನಲ್ಲಿ ಒಂದು ತಾಸಿನ ಹಾದಿಯಲ್ಲಿ ಒಂದು ನೇಕಾರರ ಊರು. ಹೆಸರು ಬೇಡ. ಅಗಲ ದಡಿಯ, ಕೆಂಪು ರೇಷ್ಮೆ ಸೆರಗಿನ ಸೀರೆ ನೇಯುವ ಅರವತ್ತು ಮನೆ, ಅವರದೊಂದು ಸಹಕಾರ ಸಂಘ. ಸಂಘ ಮನೆಮನೆಗೆ ನೂಲು ಕೊಟ್ಟು, ನೇಯ್ದ ಸೀರೆಯನ್ನು ತೆಗೆದುಕೊಂಡು ಮಾರುತ್ತಿತ್ತು. ಈಗ ಸೀರೆ ಹೋಗುತ್ತಿರಲಿಲ್ಲ, ಗೋದಾಮು ಸೂರಿನವರೆಗೆ ತುಂಬಿತ್ತು, ಹೊಸ ನೂಲು ತರುವ ಶಕ್ತಿ ಸಂಘಕ್ಕೆ ಇರಲಿಲ್ಲ. ಮನೆಗಳಲ್ಲಿ ಉಳಿದಿದ್ದ ನೂಲು ಇನ್ನೆರಡು ತಿಂಗಳಿಗಾಗುವಷ್ಟು. ಸರ್ಕಾರ ಆರು ತಿಂಗಳ ನೂಲು ಕೊಟ್ಟು, ಗೋದಾಮಿನ ಸೀರೆಗಳಲ್ಲಿ ಒಂದು ಪಾಲನ್ನು ತಾನೇ ಕೊಂಡರೆ ಸಂಘ ಉಳಿಯುತ್ತಿತ್ತು. ಇಲ್ಲದಿದ್ದರೆ ಮುಚ್ಚಬೇಕು. ಜನ ಗಂಗಾವತಿ, ಕಾರಟಗಿ ಕಡೆಯ ಕಾಲುವೆ ಗದ್ದೆಗಳಿಗೆ ನಾಟಿ ಹಚ್ಚಲು ಹೋಗಬೇಕು.

ಇಂಥ ಸಂಘಗಳಿಗೆ ನೆರವು ಕೊಡುವ ಒಂದು ಯೋಜನೆ ಆಗ ಇತ್ತು. ಅರ್ಧಕ್ಕಿಂತ ಹೆಚ್ಚು ಮಗ್ಗಗಳು ಇನ್ನೂ ನಡೆಯುತ್ತಿರಬೇಕು ಎಂಬುದೇ ಅದರ ನಿಯಮ. ಆಗಲೇ ಸತ್ತದ್ದಕ್ಕೆ ಸುರಿಯಬಾರದು, ಜೀವ ಇರುವುದನ್ನು ಹಿಡಿಯಬೇಕು ಎಂಬ ಅರ್ಥದಲ್ಲಿ ಅದು ಒಳ್ಳೆಯ ನಿಯಮವೇ. ಸಂಘದ ಅರ್ಜಿ ನನ್ನ ಮೇಜಿಗೆ ಬಂತು. ನಾನು ಹೋಗಿ ಮಗ್ಗ ಎಣಿಸಿ ಬರೆಯಬೇಕು. ಪದ್ಧತಿಯಂತೆ ಮೂರು ದಿನ ಮೊದಲೇ ಕಾರ್ಡು ಹಾಕಿ, ಇಂಥ ದಿನ ಬರುತ್ತೇನೆ ಎಂದಷ್ಟೇ ತಿಳಿಸಿದೆ; ಮಗ್ಗ ಎಣಿಸಲು ಎಂದಾಗಲಿ, ನಿಯಮ ಏನೆಂದಾಗಲಿ ಬರೆಯಲಿಲ್ಲ.

ಬಸ್ಸಿಳಿದಾಗ ಸಂಘದ ಅಧ್ಯಕ್ಷರು ಕೋಟು ತೊಟ್ಟು, ಪಟಗ ಸುತ್ತಿ ನಿಂತಿದ್ದರು. ಐವತ್ತು ದಾಟಿದ, ಸಣ್ಣ ಮೈಕಟ್ಟಿನ, ಮೆಲುಮಾತಿನ ನೇಕಾರ. ಓಣಿಗೆ ನೀರು ಚಿಮುಕಿಸಿ, ಬಾಗಿಲುಗಳಲ್ಲಿ ರಂಗೋಲಿ ಹಾಕಿದ್ದರು. ಯಾವ ಮನೆಯಿಂದಲೂ ಸದ್ದಿಲ್ಲ. ಅವರ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿ ನನ್ನನ್ನು ಕೂಡಿಸಿ, ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ ಕೊಟ್ಟರು. ಮಗ್ಗ ಎಲ್ಲಿ ಎಂದು ಕೇಳಿದೆ. ಅಧ್ಯಕ್ಷರು ನಕ್ಕು, “ನೀವು ಕುಂತದ್ದ ಮಗ್ಗದ ಮ್ಯಾಗರಿ ಸಾಹೇಬ್ರ” ಎಂದರು. ಅವರದು ಕುಣಿ ಮಗ್ಗ. ನೆಲದಲ್ಲಿ ಮೊಣಕಾಲುದ್ದದ ಕುಣಿ, ನೇಕಾರ ಅದರೊಳಗೆ ಕಾಲು ಇಳಿಬಿಟ್ಟು ತುಳಿಯುತ್ತ ನೇಯುತ್ತಾನೆ. ಆ ಕುಣಿಯ ಮೇಲೆ ಹಲಗೆ ಮುಚ್ಚಿ, ಅದರ ಮೇಲೆ ಜಮಖಾನೆ ಹಾಸಿದ್ದರು.

ಯಲಬುರ್ಗಾದಲ್ಲಿ ನನ್ನ ಸೋದರಮಾವನ ಎಣ್ಣೆ ಗಿರಣಿ ನಿಂತುಹೋದಾಗ ಎಂಜಿನ್ನಿನ ಕುಣಿಗೆ ಹಲಗೆ ಹೊದಿಸಿದ್ದನ್ನು ನಾನು ಕಂಡಿದ್ದೆ. ಹಲಗೆ ಬಿದ್ದಿತು ಎಂದರೆ ಕೆಲಸ ಮುಗಿಯಿತು. ಇದನ್ನು ಬೇರೆ ರೀತಿಯಲ್ಲಿ ನೋಡಬಹುದು ಎಂದು ನನಗೆ ಹೊಳೆಯಲೇ ಇಲ್ಲ. ಏಳು ಮನೆಗಳಲ್ಲಿ ಕೂತು ತಿಂದು ಎದ್ದೆ, ಉಳಿದವನ್ನು ಬಾಗಿಲಲ್ಲೇ ನಿಂತು ನೋಡಿದೆ. ಎಲ್ಲ ಕಡೆಯೂ ಹಲಗೆ, ಅದರ ಮೇಲೆ ಜಮಖಾನೆ ಅಥವಾ ಕಂಬಳಿ. ಸಂಘದ ಶೆಡ್ಡಿನಲ್ಲಿದ್ದ ನಾಲ್ಕು ಮಗ್ಗಗಳು ಮಾತ್ರ ನಡೆಯುತ್ತಿದ್ದವು. ಫಾರ್ಮಿನಲ್ಲಿ ನಡೆಯುತ್ತಿರುವ ಮಗ್ಗ ನಾಲ್ಕು ಎಂದು ಬರೆದೆ. ಕೆಳಗೆ ನನ್ನ ಅಭಿಪ್ರಾಯವನ್ನೂ ಸೇರಿಸಿದೆ: ಸಂಘವು ವಾಸ್ತವವಾಗಿ ಈಗಾಗಲೇ ನಿಂತಿದೆ, ನೆರವು ಕೊಡುವುದರಿಂದ ಮುಚ್ಚುವ ದಿನ ಮುಂದಕ್ಕೆ ಹೋಗುತ್ತದೆ, ಅಷ್ಟೇ. ಎಂ.ಎ. ಪ್ರಬಂಧದ ಒಂದು ವಾಕ್ಯವನ್ನೇ ಅಲ್ಲಿ ಇಳಿಸಿದ್ದೆ.

ಇಲ್ಲಿ ನೆನಪು ಮತ್ತು ದಿನಚರಿ ಜಗಳವಾಡುತ್ತವೆ. ಮಗ್ಗ ಎಷ್ಟು ದಿನದಿಂದ ನಿಂತಿದೆ ಎಂದು ನಾನು ಕೇಳಿದ್ದೆ, ಅವರು ಸರಿಯಾಗಿ ಉತ್ತರ ಕೊಡಲಿಲ್ಲ ಎಂದು ನೆನಪು ಹೇಳುತ್ತದೆ. ದಿನಚರಿಯಲ್ಲಿ ಅಂಥ ಪ್ರಶ್ನೆಯೇ ಇಲ್ಲ. ಒಗ್ಗರಣೆಗೆ ಖಾರ ಹೆಚ್ಚಾಗಿತ್ತು ಎಂಬುದಿದೆ. ಅದಕ್ಕಿಂತ ನಾಚಿಕೆ ತರಿಸುವ ಇನ್ನೊಂದು ಸಾಲಿದೆ: “ಜಂತಿಗೆ ಬಣ್ಣದ ನೂಲಿನ ದೊಡ್ಡ ಗಂಟುಗಳನ್ನು ತೂಗುಹಾಕಿದ್ದರು. ಮನೆ ತುಂಬ ಹಸಿ ಗಂಜಿಯ ವಾಸನೆ.” ಗಂಜಿ ಇನ್ನೂ ಹಸಿಯಾಗಿರುವ ಹಾಸು, ಅಂದರೆ ಸೀರೆಯ ಉದ್ದದ ಎಳೆಗಳ ಕಟ್ಟು, ಅವತ್ತೋ ಹಿಂದಿನ ದಿನವೋ ಮಗ್ಗದಿಂದ ಬಿಚ್ಚಿದ್ದೇ ಆಗಿರಬೇಕು. ಕಣ್ಣು, ಮೂಗು ಎರಡೂ ತಮ್ಮ ಕೆಲಸ ಮಾಡಿದ್ದವು. ನಾನು ನೋಡಬೇಕೆಂದು ಹೊರಟದ್ದು ನಿಂತ ಮಗ್ಗಗಳನ್ನೇ ಇರಬಹುದು. ಅಲ್ಲ ಎಂದು ಆಣೆಮಾಡಿ ಹೇಳಲಾರೆ.

ಒಂದೂವರೆ ತಿಂಗಳಿಗೆ ಕೊಪ್ಪಳದಿಂದ ಪತ್ರ ಬಂತು. ಅರ್ಜಿ ತಿರಸ್ಕೃತ. ಸಂಘವನ್ನು ಮುಚ್ಚುವ ಕ್ರಮ ಶುರುಮಾಡಲು ಸಹಿ ಪಡೆದು ಕಳಿಸಬೇಕು. ಟಪಾಲಿಗೆ ಹಾಕದೆ, ಬೇರೊಂದು ಕೆಲಸಕ್ಕೆ ಆ ಕಡೆ ಹೋಗುವುದಿದ್ದುದರಿಂದ ನಾನೇ ಒಯ್ದೆ. ಕಾರ್ಡು ಹಾಕಿರಲಿಲ್ಲ.

ಬಸ್ಸಿಳಿದು ಓಣಿಯ ತಿರುವಿಗೆ ಬಂದಾಗಲೇ ಸದ್ದು ಕೇಳಿಸಿತು. ಒಂದು ಮನೆಯದಲ್ಲ. ಎರಡೂ ಸಾಲಿನ ಮನೆಗಳಿಂದ ಲಾಳಿಯ ಹೊಡೆತ, ಕಾಲುಮಣೆಯ ತುಳಿತ, ಒಂದಕ್ಕೊಂದು ತಾಳ ಸೇರದೆ. ನಾನು ಅಲ್ಲೇ ನಿಂತೆ. ಎಷ್ಟು ಹೊತ್ತು ನಿಂತೆನೋ ದಿನಚರಿಯಲ್ಲಿಲ್ಲ.

ಅಧ್ಯಕ್ಷರ ಪಡಸಾಲೆಯಲ್ಲಿ ಜಮಖಾನೆಯೂ ಇರಲಿಲ್ಲ, ಹಲಗೆಯೂ ಇರಲಿಲ್ಲ. ಇಡೀ ಕೋಣೆಯನ್ನು ಮಗ್ಗವೇ ತುಂಬಿತ್ತು. ಅಧ್ಯಕ್ಷರು, ಅವರ ಹೆಂಡತಿ, ಮಗಳು ಮೂವರೂ ಅದರ ಸುತ್ತ ಬಗ್ಗಿ ಕೂತಿದ್ದರು. ಆ ಸೀರೆಯಲ್ಲಿ ಸೆರಗಿನ ಹಾಸು ಬೇರೆ, ಮೈಯ ಹಾಸು ಬೇರೆ. ಹತ್ತಿಯ ಪ್ರತಿ ಎಳೆಗೂ ರೇಷ್ಮೆಯ ಒಂದು ಎಳೆಯನ್ನು ಕೊಂಡಿ ಹಾಕಿ ಜೋಡಿಸಬೇಕು. ಸಾವಿರಾರು ಎಳೆ. ಆ ಕೆಲಸವನ್ನು ಮಾಡುತ್ತಿದ್ದವರು ಅವರ ಹೆಂಡತಿ. ಉಳಿದಿಬ್ಬರು ಎಳೆ ಹಿಡಿದು ಕೊಡುತ್ತಿದ್ದರು.

ನನ್ನನ್ನು ಕಂಡು ಅಧ್ಯಕ್ಷರು ಗಾಬರಿಯಾಗಿ ಎದ್ದರು. “ಅಲ್ರಿ ಸಾಹೇಬ್ರ, ಒಂದ ಕಾರ್ಡ್ ಹಾಕಿದ್ರ ಆಗ್ತಿದ್ದಿಲ್ಲೇನ್ರಿ? ಈಗ ಎಲ್ಲೆ ಕುಂದ್ರಸ್ಲಿ ನಿಮ್ಮನ್ನ?” ಎನ್ನುತ್ತ, ಹಾಸನ್ನು ಬಿಗಿದ ಹಗ್ಗಕ್ಕೆ ಕೈ ಹಾಕಿ ಬಿಚ್ಚಲು ಹೊರಟರು. ಹಲಗೆ ತರಲು ಮಗಳಿಗೆ ಹೇಳಿದರು.

ಹೆಂಡತಿ ತಲೆಯೆತ್ತಲಿಲ್ಲ. “ಹಗ್ಗ ಮುಟ್ಟಬ್ಯಾಡ್ರಿ. ಅರ್ಧಕ್ಕ ಬಿಟ್ರ ಎಳಿ ಎಲ್ಲಾ ಜಾರ್ತಾವ. ಸಾಹೇಬ್ರು ನೆಲದ ಮ್ಯಾಗ ಕುಂದರ್ತಾರ ತಗೋರಿ” ಎಂದರು.

ನಾನು ನೆಲದ ಮೇಲೆ ಕೂತೆ. ಮಗ್ಗ ಯಾಕೆ ಬಿಚ್ಚಲು ಹೋದಿರಿ ಎಂದು ಕೇಳಿದೆ. ಈ ಪ್ರಶ್ನೆಯನ್ನು ಕೇಳಿದ್ದು ಮಾತ್ರ ದಿನಚರಿಯಲ್ಲಿದೆ.

“ಮತ್ತೇನ್ರಿ, ಬಂದವ್ರ ಮುಂದ ಕುಣ್ಯಾಗ ಕಾಲ ಬಿಟ್ಕೊಂಡು ತುಳಕೋತ ಕುಂದ್ರೂದು ಮರ್ಯಾದಿ ಏನ್ರಿ? ಬೀಗರು ಬರ್ಲಿ, ಸ್ವಾಮಿಗೋಳು ಬರ್ಲಿ, ನಮ್ಮಾಗ ಮಗ್ಗ ಬಿಚ್ಚಿ ಹಲಗಿ ಹಾಕಿ ಹಾಸ್ತೀವ್ರಿ. ಹೋದ್ಸಲ ನಿಮ್ಮ ಕಾರ್ಡ್ ಬಂದಿತ್ತಲ್ರಿ, ಇಡೀ ಓಣ್ಯಾಗ ಒಂದಿನ ಮೊದಲ ಬಿಚ್ಚಿಟ್ಟಿದ್ವಿ. ಮತ್ತ ಹೂಡಾಕ ಎರಡ ದಿನ ಹಿಡೀತು.”

ಅವರು ಇದನ್ನು ದೂರಾಗಿ ಹೇಳಲಿಲ್ಲ. ನನಗೆ ಎಷ್ಟು ಗೌರವ ಕೊಟ್ಟಿದ್ದರು ಎಂಬುದು ನನಗೆ ಗೊತ್ತಿರಲಿ ಎಂಬಂತೆ ಹೇಳಿದರು. ಅರವತ್ತು ಮನೆಗಳವರು ನನ್ನ ಸಲುವಾಗಿ ನಾಲ್ಕು ದಿನದ ಕೆಲಸ ಬಿಟ್ಟಿದ್ದರು. ಯಾವ ಮಗ್ಗಗಳು ನಡೆಯುವುದನ್ನು ನಾನು ನೋಡಬೇಕಿತ್ತೋ ಅವನ್ನೇ ನನ್ನ ಕೆಳಗೆ ಹಾಸಿ, ನನ್ನನ್ನು ಮೇಲೆ ಕೂಡಿಸಿದ್ದರು. ಬರುತ್ತೇನೆ ಎಂದು ತಿಳಿಸಿ ಮಗ್ಗಗಳನ್ನು ನಿಲ್ಲಿಸಿದವನು ನಾನೇ. ನಿಂತಿವೆ ಎಂದು ಬರೆದವನೂ ನಾನೇ.

ಚೀಲದಲ್ಲಿ ಪತ್ರವಿತ್ತು. ಸಹಿ ಹಾಕಿಸಿಕೊಂಡು ಎದ್ದು ಹೋಗಿಬಿಡಬಹುದಿತ್ತು. ಪತ್ರದಲ್ಲಿ ಕಾರಣವನ್ನು ಬರೆದಿರಲಿಲ್ಲ. ನನ್ನ ವರದಿಯಿಂದ ಹೀಗಾಯಿತು ಎಂದು ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಅಷ್ಟನ್ನು ನಾನು ಲೆಕ್ಕ ಹಾಕಿದೆ ಎಂಬುದು ಸತ್ಯ. ಆಮೇಲೆ ಪತ್ರ ತೆಗೆದು ಓದಿ ಹೇಳಿದೆ. ಏನು ಬರೆದಿದ್ದೆ ಎಂಬುದನ್ನೂ ಹೇಳಿದೆ.

ಮಗಳು ಹಿಡಿದ ಎಳೆಗಳನ್ನು ಬಿಡದೆ ತಾಯಿಯ ಮುಖ ನೋಡಿದಳು. ಅಧ್ಯಕ್ಷರು ಪತ್ರವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು, ಹಿಂದೆ ಇನ್ನೇನಾದರೂ ಇರಬಹುದು ಎಂಬಂತೆ. ಮಾತಾಡಿದವರು ಅವರ ಹೆಂಡತಿಯೇ. “ಏಳು ಮನ್ಯಾಗ ಒಗ್ಗರಣಿ ತಿಂದು ನಾಲ್ಕ ಮಗ್ಗ ಬರದ್ಯಾ, ತಮ್ಮಾ?”

ಅಲ್ಲಿಯವರೆಗೆ ಸಾಹೇಬ ಆಗಿದ್ದವನು ಆ ಕ್ಷಣದಲ್ಲಿ ತಮ್ಮನಾದೆ. ಅದು ಕೆಳಗಿಳಿಸಿದ್ದೋ ಹತ್ತಿರಕ್ಕೆ ಕರೆದದ್ದೋ ನನಗೆ ಇವತ್ತಿಗೂ ತಿಳಿದಿಲ್ಲ.

ಇದು ಮುಚ್ಚಿದರೆ ಏನು ಮಾಡುತ್ತೀರಿ, ಒಂದೆರಡು ವರ್ಷ ಗದ್ದೆ ಕೆಲಸಕ್ಕೆ ಹೋಗಿ, ಕಾಲ ಸುಧಾರಿಸಿದ ಮೇಲೆ ಮತ್ತೆ ಶುರು ಮಾಡಬಹುದಲ್ಲ ಎಂದು ಕೇಳಿದೆ. ಧಾರವಾಡದಲ್ಲಿ ಕಲಿತದ್ದು ಇನ್ನೂ ಸೋಲೊಪ್ಪಿರಲಿಲ್ಲ. ಅವರು ಕೊಂಡಿ ಹಾಕುವುದನ್ನು ನಿಲ್ಲಿಸದೆ ಹೇಳಿದರು. ಓಣಿಯ ತುದಿಯ ಮನೆಯ ಸೊಸೆ ಹೋದ ವರ್ಷ ಕಾರಟಗಿ ಕಡೆ ನಾಟಿಗೆ ಹೋಗಿದ್ದಳು, ಒಂದು ಸುಗ್ಗಿ ಮುಗಿಸಿ ಬಂದಳು. ನೀರಿನಲ್ಲಿ ನೆನೆದು, ಭತ್ತದ ಗರಿಯಲ್ಲಿ ಗೀರಿ ಬೆರಳು ಒಡೆದಿದ್ದವು. ಆ ಬೆರಳಿಗೆ ರೇಷ್ಮೆಯ ಎಳೆ ಸಿಕ್ಕಿಕೊಂಡು ಹರಿಯುತ್ತದೆ. ಮೂರು ತಿಂಗಳು ಎಣ್ಣೆ ಹಚ್ಚಿ ಕಾದಳು. ಅಷ್ಟರಲ್ಲಿ ಮನೆಯಲ್ಲಿ ಕಾಳು ಮುಗಿಯಿತು, ಮತ್ತೆ ಗದ್ದೆಗೇ ಹೋದಳು. “ಭತ್ತ ಹಚ್ಚಿದ ಕೈಗೆ ಈ ಎಳಿ ಹಿಡಿಯಾಕ ಬರೂದಿಲ್ಲಪಾ. ಅಕಿ ನನಗಿಂತ ಜಲ್ದಿ ಹಾಕ್ತಿದ್ದಳು” ಎಂದರು. ನನ್ನ ಪ್ರಬಂಧದಲ್ಲಿ ಕೆಲಸಗಾರರು ಒಂದು ಉದ್ಯಮದಿಂದ ಇನ್ನೊಂದಕ್ಕೆ ಹೋಗುತ್ತಿದ್ದರು. ಅವರಿಗೆ ಬೆರಳುಗಳಿರಲಿಲ್ಲ.

ಪತ್ರಕ್ಕೆ ಸಹಿ ಕೇಳಲಿಲ್ಲ. ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ಚಪ್ಪಲಿಯನ್ನು ಅವರ ಬಾಗಿಲಲ್ಲೇ ಬಿಟ್ಟು, ಅರವತ್ತು ಮನೆಗಳನ್ನೂ ಮತ್ತೆ ನೋಡಿದೆ. ಎಲ್ಲೂ ಕೂರಲಿಲ್ಲ, ಏನೂ ತಿನ್ನಲಿಲ್ಲ. ನಡೆಯುತ್ತಿದ್ದ ಮಗ್ಗಗಳು ಐವತ್ತೊಂದು. ಮನೆವಾರು ಪಟ್ಟಿ ದಿನಚರಿಯಲ್ಲಿದೆ. ಅಧ್ಯಕ್ಷರು ನನ್ನ ಜೊತೆ ಬಂದು, ಪರವಾಗಿಲ್ಲ ಬಿಡಿ ಎಂದರೆಂದು ನೆನಪು ಹೇಳುತ್ತದೆ. ದಿನಚರಿಯ ಪ್ರಕಾರ ಅವರು ಕೊನೆಯವರೆಗೂ ಎರಡು ಹೆಜ್ಜೆ ಮುಂದೆ ನಡೆದರು, ಮಾತಾಡಲಿಲ್ಲ. ದಿನಚರಿಯೇ ಸರಿ ಇರಬೇಕು.

ಮರುದಿನ ಭಾನುವಾರ. ಯಲಬುರ್ಗಾಕ್ಕೆ ಮಾವನ ಹತ್ತಿರ ಹೋದೆ. ಅವನ ಶೇಂಗಾ ಎಣ್ಣೆ ಗಿರಣಿ ಮುಚ್ಚಿದಾಗ ಯಾರೂ ನೆರವಿಗೆ ಬಂದಿರಲಿಲ್ಲ. ಅದನ್ನು ಮುಚ್ಚಿದ ವರ್ಷವೇ ನಾನು ಆ ಪ್ರಬಂಧ ಬರೆದದ್ದು. ಮಾವನಿಗೆ ಸಿಗದಿದ್ದನ್ನು ಬೇರೆಯವರಿಗೆ ಕೊಡಿಸಲು ಹೊರಟಿದ್ದೇನೆ, ಅದನ್ನು ಅವನ ಮುಂದೆ ಹೇಳದೆ ಮಾಡಬಾರದು ಅನ್ನಿಸಿತು. ಎಲ್ಲವನ್ನೂ ಕೇಳಿದ ಮೇಲೆ ಅವನು ಮೊದಲು ನಕ್ಕ. “ಎಂ.ಎ. ಮಾಡಿ ಮಗ್ಗ ಎಣಸಾಕ ಬರ್ಲಿಲ್ಲೇನೋ ಅಳಿಯಾ” ಎಂದ. ಇದನ್ನು ಅತ್ತೆಗೂ ಕರೆದು ಹೇಳಿದ.

ನಿನ್ನ ಗಿರಣಿಗೂ ಅವತ್ತು ಸರ್ಕಾರ ಕೊಡಬೇಕಿತ್ತಲ್ಲವೇ ಎಂದು ಕೇಳಿದೆ.

ಅವನು ಅಡಿಕೆ ಕತ್ತರಿಸುತ್ತ ಹೇಳಿದ. “ನನಗ ಕೊಡಬಾರದಿತ್ತು. ಗಂಗಾವತಿಯವ್ನ ಮಾತು ಕೇಳಿ ಹಳೇ ಎಂಜಿನ್ ತಂದೆ. ಎಣ್ಣಿಗಿಂತ ಡೀಸಲ್ ಜಾಸ್ತಿ ಕುಡೀತು. ಕೊಟ್ಟಿದ್ರ ಅದನ್ನೂ ಕುಡೀತಿತ್ತು. ಆದ್ರ ಕಾಳು ಆರಸಾಕ ಬರೋ ಹೆಣ್ಮಕ್ಕಳು ಹನ್ನೆರಡ ಮಂದಿ ಇದ್ರು ನೋಡು. ಅವ್ರು ಯಾವ ಎಂಜಿನ್ ತಂದಿದ್ರು?”

ಅಲ್ಲಿಗೆ ಹೋಗುವಾಗ ನನ್ನ ತಲೆಯಲ್ಲಿದ್ದದ್ದು ಕೊಡಬೇಕೋ ಬೇಡವೋ ಎಂಬ ಒಂದೇ ಪ್ರಶ್ನೆ. ಬರುವಾಗ ಅದು ಮೂರಾಗಿತ್ತು. ಸೋತದ್ದು ಯಾಕೆ ಸೋತಿತು. ಮುಚ್ಚಿದರೆ ಮತ್ತೆ ತೆರೆಯಲು ಬರುತ್ತದೆಯೇ. ಕೊಟ್ಟದ್ದು ಯಾರ ಕೈಗೆ ಮುಟ್ಟುತ್ತದೆ. ಮಾವನ ಗಿರಣಿ ತನ್ನ ತಪ್ಪಿನಿಂದ ಸೋತಿತು, ಅಂಥದ್ದನ್ನು ಯಾರು ಬೇಕಾದರೂ ನಾಳೆ ಮತ್ತೆ ಕಟ್ಟಬಹುದು. ಈ ಓಣಿಯವರು ಮಾಡಿದ ತಪ್ಪೇನೂ ಇರಲಿಲ್ಲ. ಕೊಳ್ಳುವವರು ಒಂದೆರಡು ವರ್ಷ ಕೈ ಹಿಂದೆ ತೆಗೆದಿದ್ದರು ಅಷ್ಟೇ. ಆದರೆ ಕೈ ಒಮ್ಮೆ ಒಡೆದರೆ ಹೊಸ ಕೈ ಬರುವುದಿಲ್ಲ. ಬಸ್ಸು ಕುಷ್ಟಗಿ ಸೇರುವಷ್ಟರಲ್ಲಿ ನಾನು ಏನು ಬರೆಯಬೇಕೆಂದು ನಿಶ್ಚಯಿಸಿದ್ದೆ.

ಸೋಮವಾರ ಕೊಪ್ಪಳದ ಕಚೇರಿಯಲ್ಲಿ ನನ್ನ ಮೇಲಧಿಕಾರಿಯನ್ನು ಕಂಡೆ. ನಿವೃತ್ತಿಗೆ ಹತ್ತಿರವಿದ್ದ, ಹೈದರಾಬಾದಿನ ಕಾಲದ ಕಚೇರಿ ಪದ್ಧತಿಯನ್ನು ಬಲ್ಲ ಮನುಷ್ಯ, ಕೆಟ್ಟವರಲ್ಲ. ಒಮ್ಮೆ ಹೋದ ವರದಿ ಹೋಯಿತು, ಅದನ್ನು ವಾಪಸು ತರಿಸುವ ರಿವಾಜಿಲ್ಲ ಎಂದರು. ನನ್ನ ಮುಖ ನೋಡಿ ಸ್ವಲ್ಪ ಕರಗಿ, ಒಂದು ದಾರಿ ಹೇಳಿಕೊಟ್ಟರು: “ಮೊದಲ ಎಣಿಕಿ ತಪ್ಪು ಅಂತ ಬರೀಬ್ಯಾಡ. ಈಗ ಪರಿಸ್ಥಿತಿ ಸುಧಾರಿಸೇತಿ, ಐವತ್ತೊಂದು ಮಗ್ಗ ಶುರು ಆಗ್ಯಾವ ಅಂತ ಬರಿ. ನಿನ್ನ ನೌಕರಿ ಇನ್ನೂ ಖಾಯಂ ಆಗಿಲ್ಲ ನೋಡಪಾ.”

ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು. ಒಂದು ನಿಮಿಷ ಅದು ನನಗೂ ಸರಿ ಅನ್ನಿಸಿತು. ಆದರೆ ನಾಲ್ಕರಿಂದ ಐವತ್ತೊಂದಕ್ಕೆ ತಾನಾಗಿಯೇ ಏರಿದ ಸಂಘಕ್ಕೆ ನೆರವು ಯಾಕೆ ಬೇಕು ಎಂದು ಮೇಲಿನವರು ಕೇಳದೆ ಬಿಡುತ್ತಾರೆಯೇ? ನನ್ನನ್ನು ಉಳಿಸುವ ವಾಕ್ಯವೇ ಓಣಿಯನ್ನು ಮುಳುಗಿಸುತ್ತಿತ್ತು. ಇದನ್ನು ಅವರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಹಂಗಾದ್ರ ನಿನ್ನ ಕೈಯಾರೆ ಬರಿ. ನಾ ತಿದ್ದೂದಿಲ್ಲ, ತಡಿಯೂದೂ ಇಲ್ಲ” ಎಂದರು.

ಅಲ್ಲೇ, ಅವರ ಎದುರಿನ ಸ್ಟೂಲಿನ ಮೇಲೆ ಕೂತು ಬರೆದೆ. ನನ್ನ ಹಿಂದಿನ ಎಣಿಕೆ ತಪ್ಪು, ಆ ತಪ್ಪಿಗೆ ನಾನೇ ಕಾರಣ ಎಂದು ಶುರುಮಾಡಿದೆ. ಮುಂದಾಗಿ ತಿಳಿಸಿ ಹೋದದ್ದರಿಂದ ನೇಕಾರರು ಮಗ್ಗ ಬಿಚ್ಚಿ ಹಲಗೆ ಹಾಸಿದರು, ಅತಿಥಿಯನ್ನು ಹಾಗೆ ಕೂಡಿಸುವುದು ಅವರ ಪದ್ಧತಿ, ಆ ಪದ್ಧತಿ ನನಗೆ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಮನೆವಾರು ಪಟ್ಟಿಯನ್ನು ಲಗತ್ತಿಸಿದೆ. ಕೊಂಡಿ ಹಾಕುವ ಕೈಗಳ ಬಗ್ಗೆ ಒಂದು ಪುಟ ಬರೆದೆ. ನೆರವು ಕೊನೆಯಿಲ್ಲದೆ ನಡೆಯಬಾರದು, ಆರು ತಿಂಗಳಾದ ಮೇಲೆ ಹೇಳದೆ ಬಂದು ಮತ್ತೆ ನೋಡಬೇಕು, ಆಗ ಮಗ್ಗ ನಿಂತಿದ್ದರೆ ನೆರವನ್ನು ನಿಲ್ಲಿಸಬೇಕು ಎಂದೂ ಬರೆದೆ. ಒಂದೇ ಸಲಕ್ಕೆ ಬರೆದು ಮುಗಿಸಿದೆ ಎಂದು ನೆನಪು. ಮೊದಲ ಸಾಲನ್ನು ಮೂರು ಸಲ ಹೊಡೆದುಹಾಕಿದ್ದೆ ಎಂದು ಉಳಿದಿರುವ ಕರಡು ಪ್ರತಿ ತೋರಿಸುತ್ತದೆ.

ನನಗೆ ಜವಾಬು ಮೊದಲು ಬಂತು. ಖಾಯಂ ಆಗುವುದು ಒಂದು ವರ್ಷ ಮುಂದೆ ಹೋಯಿತು. ಸಂಘಕ್ಕೆ ಎರಡು ತಿಂಗಳ ನಂತರ ಬಂತು. ಮನೆಗಳಲ್ಲಿದ್ದ ನೂಲು ಆಗ ಮುಗಿದಿತ್ತು, ಮೂರು ಮನೆಗಳವರು ಬೀಗ ಹಾಕಿ ಹೋಗಿಬಿಟ್ಟಿದ್ದರು. ಆ ಮೂರು ಮನೆಗಳು ನನ್ನ ಮೊದಲ ವರದಿಯ ಪಾಲು. ಎರಡನೆಯ ವರದಿ ಅವನ್ನು ಮರಳಿ ತರಲಿಲ್ಲ.

ನೆರವಿನ ಜೊತೆ ಒಂದು ಷರತ್ತೂ ಬಂದಿತ್ತು. ಅರ್ಧ ಮಗ್ಗಗಳಲ್ಲಿ ರೇಷ್ಮೆ ಸೆರಗಿನ ಸೀರೆ ಬಿಟ್ಟು, ಸರ್ಕಾರ ಕೊಳ್ಳುವ ಸಾದಾ ಬಿಳಿ ಬಟ್ಟೆ ನೇಯಬೇಕು. ಇದನ್ನು ತಿಳಿಸಲು ಸಂಘದ ಶೆಡ್ಡಿನಲ್ಲಿ ಸಭೆ ಕರೆದರು, ನಾನೂ ಇದ್ದೆ. ಗಂಡಸರು ಬಹಳ ಹೊತ್ತು ಮಾತಾಡಿದರು. ಬಿಳಿ ಬಟ್ಟೆ ನೇಯುವುದು ಅವಮಾನ ಎಂದು ಕೆಲವರು, ಹೊಟ್ಟೆಗಿಂತ ಮಾನ ದೊಡ್ಡದೇನು ಎಂದು ಕೆಲವರು. ಬಿಳಿ ಬಟ್ಟೆಗೆ ಯಾವ ಮನೆಗಳು ಎಂದು ಚೀಟಿ ಎತ್ತುವ ಹಂತಕ್ಕೆ ಬಂದಾಗ, ಬಾಗಿಲ ಬಳಿ ಹೆಂಗಸರ ನಡುವೆ ಕೂತಿದ್ದ ಅಧ್ಯಕ್ಷರ ಹೆಂಡತಿ ಎದ್ದು ನಿಂತರು. “ಚೀಟಿ ಬ್ಯಾಡ. ಒಂದ್ ತಿಂಗಳ ಈ ಸಾಲು ಬಿಳಿ ಅರಿವಿ, ಒಂದ್ ತಿಂಗಳ ಆ ಸಾಲು. ಕೊಂಡಿ ಹಾಕೂದು ಯಾ ಮನ್ಯಾಗೂ ನಿಂದ್ರಬಾರದು. ನಿಂತ್ರ ಸರ್ಕಾರದವ್ರು ಕೊಟ್ಟದ್ದು ಯಾತಕ್ಕ?” ಎಂದು ಹೇಳಿ ಕೂತರು. ಅದೇ ಆಯಿತು. ಕೊಪ್ಪಳದಲ್ಲಿ ಯಾರಿಗೂ, ನನಗೂ ಸೇರಿ, ಅದು ಹೊಳೆದಿರಲಿಲ್ಲ.

ಆರು ತಿಂಗಳಿಗೆ ಮತ್ತೆ ಹೋಗಿ ನೋಡಿದೆ. ಐವತ್ತಾರು ಮಗ್ಗಗಳು ನಡೆಯುತ್ತಿದ್ದವು. ಮರುವರ್ಷ ಮಳೆಯೂ ಚೆನ್ನಾಗಿ ಆಯಿತು, ಗೋದಾಮು ಅರ್ಧ ಖಾಲಿಯಾಯಿತು, ಸರ್ಕಾರದ ನೂಲು ನಿಂತಿತು, ಸಂಘ ನಡೆಯಿತು. ಆಮೇಲೆ ನನಗೆ ಗಂಗಾವತಿಗೆ ವರ್ಗವಾಯಿತು. ಅಲ್ಲಿ ನಾನು ಎಲ್ಲರಿಗೂ ಕೊಡಿ ಎಂದು ಬರೆದವನಲ್ಲ. ಧಾರಣೆ ಬಿದ್ದ ವರ್ಷ ಒಂದು ಅಕ್ಕಿ ಗಿರಣಿಯವರ ಅರ್ಜಿಗೆ ಬೇಡ ಎಂದೇ ಬರೆದೆ. ಆ ಗಿರಣಿ ಮುಚ್ಚಿದರೆ ಪಕ್ಕದ ಗಿರಣಿ ಅದೇ ಭತ್ತವನ್ನು ಅದೇ ಕೆಲಸಗಾರರಿಂದ ಅಕ್ಕಿ ಮಾಡಿಸುತ್ತಿತ್ತು. ಅಲ್ಲಿ ಭತ್ತ ಒಣಗಿಸುವ ಹೆಂಗಸರಿಗೆ ಮಾತ್ರ ನಡುವಿನ ತಿಂಗಳುಗಳಿಗೆ ಸರ್ಕಾರದ ರಸ್ತೆ ಕೆಲಸದಲ್ಲಿ ಜಾಗ ಕೊಡಬೇಕೆಂದು ಸೇರಿಸಿದೆ. ಗಿರಣಿಯ ಮಾಲೀಕರು, ನೇಕಾರರಿಗೆ ಒಂದು ನ್ಯಾಯ, ನಮಗೊಂದು ನ್ಯಾಯವೇ ಎಂದು ಕಚೇರಿಗೆ ಬಂದು ಕೇಳಿದರು. ಹೌದು ಎಂದೆ. ಯಾಕೆಂದು ಕೂಡಿಸಿಕೊಂಡು ಹೇಳಿದೆ. ಅವರಿಗೆ ಒಪ್ಪಿಗೆಯಾಗಲಿಲ್ಲ.

ಎಂಬತ್ತರ ದಶಕದ ನಡುವೆ ಆ ಸಂಘ ಮುಚ್ಚಿತು. ಈ ಸಲ ಕಾಲ ಕೆಟ್ಟದ್ದರಿಂದಲ್ಲ. ವಿದ್ಯುತ್ ಮಗ್ಗದ ಸೀರೆ ಕಾಲು ಬೆಲೆಗೆ ಬಂದಿತ್ತು, ಹುಡುಗಿಯರು ಹಗುರ ಸೀರೆ ಕೇಳುತ್ತಿದ್ದರು. ನೆರವಿನ ಅರ್ಜಿಯನ್ನು ಅವರು ಹಾಕಲೇ ಇಲ್ಲವಂತೆ. ಹಾಕಿದ್ದರೂ ನಾನು ಏನು ಬರೆಯುತ್ತಿದ್ದೆ? ಬಹುಶಃ ಬೇಡ ಎಂದು. ಆದರೆ ಆ ಸುದ್ದಿ ಕೇಳಿದ ದಿನ ನನ್ನೊಳಗೆ ಎಂ.ಎ. ಹುಡುಗ ಮತ್ತೆ ಎದ್ದು ಕೂತ. ಮುಚ್ಚುವ ದಿನ ಮುಂದಕ್ಕೆ ಹೋಯಿತು, ಅಷ್ಟೇ ಎಂದು ನೀನೇ ಬರೆದಿದ್ದೆಯಲ್ಲ, ಅದೇ ಸರಿಯಾಗಿತ್ತಲ್ಲ ಎಂದ.

ಮರುವರ್ಷ ಗಂಗಾವತಿ ಬಸ್ ನಿಲ್ದಾಣದಲ್ಲಿ ಅಧ್ಯಕ್ಷರ ಹೆಂಡತಿ ಸಿಕ್ಕರು. ಮಗಳನ್ನು ಆ ಊರಿಗೇ ಕೊಟ್ಟಿದ್ದರು. ಅವರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿದು ಅವರೇ ಕರೆದರು. ಅವರ ಬಸ್ಸಿಗೆ ಇನ್ನೂ ಹೊತ್ತಿತ್ತು, ಕಟ್ಟೆಯ ಮೇಲೆ ಕೂತೆವು. ಊರಿನ ಸುದ್ದಿ ಎಲ್ಲ ಆದ ಮೇಲೆ, ಆ ಪ್ರಶ್ನೆಯನ್ನು ಅವರಿಗೇ ಕೇಳಿಬಿಟ್ಟೆ. ಆವತ್ತೇ ಮುಚ್ಚಿದ್ದರೂ ಅಷ್ಟೇ, ಒಂಬತ್ತು ವರ್ಷ ಬಿಟ್ಟು ಮುಚ್ಚಿದರೂ ಅಷ್ಟೇ ಅನ್ನಿಸುತ್ತದೆಯೇ, ನಾನು ಮಾಡಿದ್ದು ದಂಡವೇ ಎಂದು.

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. “ಒಂಬತ್ತ ವರ್ಷ ನಾವೇನು ಸುಮ್ನ ಕುಂತಿದ್ವೇನೋ ತಮ್ಮಾ? ನೇಯ್ದೀವಿ. ಉಟ್ಟಾರ ಮಂದಿ. ಈ ಮಗಳಿಗೂ ನನ್ನ ಕೈಲೆ ಕೊಂಡಿ ಹಾಕಿದ್ದ ಉಡಿಸಿ ಕಳಿಸೀನಿ. ಮುಂದ ನಿಂತತಿ ಅಂತ ಹಿಂದಿಂದೂ ಇದ್ದಿಲ್ಲ ಅಂತಿಯೇನು?”

ಬಸ್ಸು ಬಂತು. ಅವರ ಗಂಟನ್ನು ಒಳಗೆ ಇಟ್ಟು ಕೊಟ್ಟೆ, ಜಾಗ ಹಿಡಿದು ಕೂಡಿಸಿದೆ.

ಒಂಬತ್ತು ವರ್ಷದ ಬದಲು ಒಂದೇ ವರ್ಷ ಸಿಕ್ಕಿದ್ದರೂ ಆ ಎರಡನೆಯ ವರದಿಯನ್ನು ಬರೆಯುತ್ತಿದ್ದೆನೇ ಎಂದು ಆ ದಿನದ ದಿನಚರಿಯಲ್ಲಿ ಕೇಳಿಕೊಂಡಿದ್ದೇನೆ. ಅದರ ಕೆಳಗೆ, ಬೇರೆ ಶಾಯಿಯಲ್ಲಿ, ಬರೆಯುತ್ತಿದ್ದೆ ಎಂದಿದೆ. ಅದನ್ನು ಯಾವಾಗ ಸೇರಿಸಿದೆನೋ ನೆನಪಿಲ್ಲ. ಅಕ್ಷರ ನನ್ನದೇ.